ಚಿಲಕ ಬೀಳುವವರೆಗೆ

ಬಾವಿ ದಾಟಿ ನಾಲ್ಕು ಹೆಜ್ಜೆ ಇಟ್ಟಿದ್ದಳೋ ಇಲ್ಲವೋ, ಹಿಂದೆ ಸದ್ದು ಶುರುವಾಯಿತು.

ಚರ್... ಟಪ್.

ಚರ್... ಟಪ್.

ಇದು ನನ್ನ ಚಿಕ್ಕಮ್ಮನ ಮಗಳಿಗೆ ಆದದ್ದು. ಯಾರೋ ಯಾರಿಗೋ ಹೇಳಿದ್ದನ್ನು ನಾನು ಹೆಕ್ಕಿಕೊಂಡು ಬಂದಿಲ್ಲ. ಅವಳ ಬಾಯಿಂದಲೇ ಕೇಳಿದ್ದು, ಅದೂ ಮೂರು ಸಲ. ಮೂರು ಸಲವೂ ಒಂದು ಮಾತು ಆಚೀಚೆ ಆಗಲಿಲ್ಲ. ಸುಳ್ಳು ಹೇಳುವವರು ಪ್ರತಿ ಸಲ ಸ್ವಲ್ಪ ಉಪ್ಪುಖಾರ ಸೇರಿಸುತ್ತಾರೆ. ಇವಳು ಸೇರಿಸಲಿಲ್ಲ. ಅದಕ್ಕೇ ನಂಬಿದೆ.

ಅವಳು ಶಾಲೆಯಲ್ಲಿ ಆಟದ ಟೀಚರು. ಓಟದ ತಂಡಕ್ಕೆ ಅವಳೇ ಕೋಚು. ಆ ರಾತ್ರಿ ಎಂಟೂವರೆ ಆಗಿತ್ತು. ಮಕ್ಕಳೆಲ್ಲ ಏಳಕ್ಕೇ ಮನೆಗೆ ಹೋಗಿದ್ದರು. ಇವಳು ಆಫೀಸಿನಲ್ಲಿ ಕೂತು ಯಾರು ಎಷ್ಟು ಸೆಕೆಂಡಿನಲ್ಲಿ ಓಡಿದರು ಅಂತ ಬರೆದಿಟ್ಟು, ಸಾಮಾನಿನ ಕೋಣೆಗೆ ಬೀಗ ಹಾಕಿ, ಒಬ್ಬಳೇ ಹೊರಟಿದ್ದಳು. ಶಾಲೆಯಿಂದ ಅವಳ ಬಾಡಿಗೆ ಮನೆಗೆ ಹದಿನೈದು ನಿಮಿಷದ ದಾರಿ. ನಡುವೆ ರಸ್ತೆ ತಿರುಗುವಲ್ಲಿ ಒಂದು ಹಳೇ ಬಾವಿ. ನೀರು ಬತ್ತಿ ಎಷ್ಟೋ ವರ್ಷ ಆಗಿದೆ. ಬಾಯಿಗೆ ಕಬ್ಬಿಣದ ಜಾಲರಿ ಹಾಕಿದ್ದಾರೆ. ಆಮೇಲೆ ಬಾಗಿಲು ಹಾಕಿದ ಅಂಗಡಿಗಳ ಸಾಲು, ಒಂದೇ ಒಂದು ಬೀದಿದೀಪ.

ಚರ್... ಟಪ್.

ಒಂದು ಕಾಲು ಎಳೆಯುತ್ತದೆ, ಇನ್ನೊಂದು ಊರುತ್ತದೆ. ಚಪ್ಪಲಿಯಲ್ಲ. ಕ್ಯಾನ್ವಾಸ್ ಶೂ. ದಿನವೂ ಮಕ್ಕಳ ಕಾಲಿನ ಸದ್ದು ಕೇಳುವವಳಿಗೆ ಅಷ್ಟು ಗೊತ್ತಾಗದೆ ಇರುತ್ತದೆಯೇ?

ಲೇಸು ಕಟ್ಟುವವಳ ಹಾಗೆ ಬಗ್ಗಿದಳು. ಸದ್ದು ನಿಂತಿತು. ಎದ್ದು ತಟ್ಟನೆ ತಿರುಗಿದಳು. ಬೀದಿ ಖಾಲಿ. ಗೋಡೆಗೆ ಒರಗಿಸಿದ್ದ ಒಂದು ಸೈಕಲ್ಲು, ಅದರ ನೆರಳು... ಅಷ್ಟೇ.

"ಯಾರದು?"



ಓಡಿದಳು. ಕಾಲೇಜಿನಲ್ಲಿ ನಾನೂರು ಮೀಟರ್ ಓಟದಲ್ಲಿ ಇವಳ ಬೆನ್ನು ನೋಡಿದವರೇ ಹೆಚ್ಚು, ಮುಖ ನೋಡಿದವರು ಕಡಿಮೆ. ಅಂಥವಳು ಜೀವ ಕೈಯಲ್ಲಿ ಹಿಡಿದು ಓಡಿದಳು. ಹಿಂದಿನದು ಓಡಲಿಲ್ಲ. ಅದೇ ನಡಿಗೆ. ಚರ್... ಟಪ್. ಆದರೂ ಇವಳು ಗೇಟು ಮುಟ್ಟಿದಾಗ ಅದು ಮೊದಲು ಎಷ್ಟು ದೂರದಲ್ಲಿತ್ತೋ ಅಷ್ಟೇ ದೂರದಲ್ಲಿತ್ತು. ಒಂದು ಗೇಣು ಹೆಚ್ಚಿಲ್ಲ, ಒಂದು ಗೇಣು ಕಡಿಮೆ ಇಲ್ಲ.

ಒಳಗೆ ನುಗ್ಗಿ ಬಾಗಿಲು ಎಳೆದುಕೊಂಡಳು. ಹೊಸ ನಮೂನೆಯ ಲಾಕು, ಎಳೆದರೆ ತಾನೇ ಬೀಳುತ್ತದೆ, ಬಿದ್ದದ್ದು ಗೊತ್ತೇ ಆಗುವುದಿಲ್ಲ. ದೀಪ ಹಾಕಲಿಲ್ಲ. ಬಾಗಿಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತಳು.

ಹೊರಗೆ... ಗಲ.

ಸ್ವಲ್ಪ ಹೊತ್ತು ಬಿಟ್ಟು ಮತ್ತೆ... ಗಲ.

ಆ ಸದ್ದು ಅವಳಿಗೆ ಗೊತ್ತು. ಸೀಟಿಯೊಳಗೆ ಒಂದು ಪುಟ್ಟ ಗುಂಡು ಇರುತ್ತದಲ್ಲ, ಕೊರಳಲ್ಲಿ ಹಾಕಿಕೊಂಡವರು ಮೈಭಾರ ಒಂದು ಕಾಲಿಂದ ಇನ್ನೊಂದಕ್ಕೆ ಬದಲಿಸಿದರೆ ಅದು ಅಲ್ಲಾಡುತ್ತದೆ. ತನ್ನದೇ ಇರಬೇಕು ಅಂದುಕೊಂಡು ಕೊರಳಲ್ಲಿದ್ದ ಸೀಟಿಯನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದಳು.

ಹೊರಗೆ ಮತ್ತೆ... ಗಲ.

ಬೆಳಕು ಹರಿಯುವವರೆಗೂ ಅದು ಅಲ್ಲೇ ನಿಂತಿತ್ತು.

*

ಅವಳು ಆ ಶಾಲೆಗೆ ಸೇರಿ ಆಗ ಎರಡೇ ತಿಂಗಳು. ಅವಳಿಗಿಂತ ಮುಂಚೆ ಅಲ್ಲಿದ್ದವರನ್ನು ಎಲ್ಲರೂ ದೊಡ್ಡ ಮೇಷ್ಟ್ರು ಅನ್ನುತ್ತಿದ್ದರು. ಮೂವತ್ತೊಂದು ವರ್ಷ ಬೆಳಿಗ್ಗೆ ಲೆಕ್ಕ ಹೇಳಿಕೊಟ್ಟರು, ಸಂಜೆ ಓಡಿಸಿದರು. ಹೆಡ್‌ಮಾಸ್ಟರ್ ಆಗಿ ಅಂತ ಎರಡು ಸಲ ಕರೆದರೂ ಆಗಲಿಲ್ಲ. ಕುರ್ಚಿಯಲ್ಲಿ ಕೂತರೆ ಮೈದಾನಕ್ಕೆ ಸುಣ್ಣದ ಗೆರೆ ಎಳೆಯೋರು ಯಾರು ಅಂದರಂತೆ. ಈಗಿನ ಹೆಡ್‌ಮಾಸ್ಟರೇ ಅವರ ಕೈಯಲ್ಲಿ ಕಿವಿ ಹಿಂಡಿಸಿಕೊಂಡವರು. ಒಂದು ಸಂಜೆ ಶೂ ಬಿಚ್ಚಲು ಕೂತವರು ಕೂತಲ್ಲೇ ಹೋದರು. ಒಂದು ಶೂ ಬಿಚ್ಚಿತ್ತು, ಒಂದು ಬಿಚ್ಚಿರಲಿಲ್ಲ.

ಅವರದೊಂದು ವಿಚಿತ್ರ ಪದ್ಧತಿ ಇತ್ತು. ಮಕ್ಕಳು ಓಡುತ್ತಾ ಮಗ್ಗಿ ಹೇಳಬೇಕು. ಅರ್ಧ ಸುತ್ತಿಗೆ ಒಂದು ಸಾಲು. ಮಗ್ಗಿ ಸಲೀಸಾಗಿ ಬಂದರೆ ಉಸಿರು ಸರಿಯಾಗಿದೆ ಅಂತ ಅರ್ಥ. ತಡವರಿಸಿದರೆ ವೇಗ ಇಳಿಸಬೇಕು. ಲೆಕ್ಕದಲ್ಲಿ ದಡ್ಡರಾದವರು ಓಡಿ ಓಡಿ ಮಗ್ಗಿ ಕಲಿತರು. ಓಟದಲ್ಲಿ ದಡ್ಡರಾದವರು ಮಗ್ಗಿ ಹೇಳಿ ಹೇಳಿ ಓಡಲು ಕಲಿತರು. ಮೂವತ್ತೊಂದು ವರ್ಷದಲ್ಲಿ ಆ ಮೈದಾನದಲ್ಲಿ ಒಂದು ಮಗುವೂ ಓಡುತ್ತಾ ತಲೆ ತಿರುಗಿ ಬಿದ್ದದ್ದಿಲ್ಲವಂತೆ.

ನನ್ನ ತಂಗಿ ಬಂದ ಮೊದಲ ವಾರವೇ ಅದನ್ನು ನಿಲ್ಲಿಸಿದಳು. "ಇದೇನು ರೇಸೋ, ಲೆಕ್ಕದ ಪರೀಕ್ಷೆಯೋ?" ಅಂದಳು. ಅವಳಿಗೆ ಗೆದ್ದವರಿಗೆ ಕೊಡುವ ಕಪ್ಪು ಬೇಕಿತ್ತು. ಹಿಂದೆ ಸದ್ದು ಶುರುವಾದಾಗ ಶಾಲೆಶಾಲೆಗಳ ನಡುವಿನ ರಿಲೇ ಓಟಕ್ಕೆ ಮೂರೇ ವಾರ ಉಳಿದಿತ್ತು. ಅದರಲ್ಲಿ ಕೊನೆಯ ಓಟಕ್ಕೆ ಅವಳು ಆರಿಸಿದ್ದು ಒಂದು ಹುಡುಗಿಯನ್ನು. ಕೈಕಾಲು ಸಣಕಲು, ಆ ವರ್ಷವೇ ಬೇರೆ ಶಾಲೆಯಿಂದ ಬಂದವಳು. ಎಲ್ಲರೂ ಕಡ್ಡಿ ಅಂತ ಕರೆಯುತ್ತಿದ್ದರು. ಕಡ್ಡಿಯೇ, ಆದರೆ ಗೀರಿದರೆ ಹೊತ್ತಿಕೊಳ್ಳುವ ಕಡ್ಡಿ.

*

ಎರಡನೇ ರಾತ್ರಿಯೂ ಅದೇ ಆಯಿತು. ಮೂರನೇ ರಾತ್ರಿಯೂ. ಬಾವಿ ದಾಟಿದ ಕೂಡಲೇ ಚರ್... ಟಪ್. ಮನೆ ಸೇರಿದ ಮೇಲೆ ಬಾಗಿಲಾಚೆ ಗಲ... ಗಲ. ನಾಲ್ಕನೇ ಬೆಳಿಗ್ಗೆ ಅವಳು ಬಾಗಿಲು ತೆರೆದು ನೋಡಿದಳು. ಮೆಟ್ಟಿಲ ಕಲ್ಲೆಲ್ಲ ಮಂಜಿಗೆ ಒದ್ದೆಯಾಗಿತ್ತು. ಎರಡು ಪಾದದ ಅಳತೆಯ ಜಾಗ ಮಾತ್ರ ಒಣಗಿತ್ತು. ಬಾಗಿಲ ಕಡೆಗೆ ಮುಖ ಮಾಡಿ ಯಾರೋ ಇಡೀ ರಾತ್ರಿ ನಿಂತ ಹಾಗೆ.

ಶಾಲೆಯ ವಾಚ್‌ಮನ್ ತಾತನ ಹತ್ತಿರ ಮೆಲ್ಲಗೆ ಕೇಳಿದಳು. "ತಾತ, ಆ ಬಾವಿ ಹತ್ರ ಯಾರಾದ್ರೂ ಕುಂಟೋರು ಇದಾರಾ?"

ತಾತ ಬೀಡಿ ಕೆಳಗೆ ಹಾಕಿದ. "ಹೇಗೆ ಕುಂಟೋರು?"

ಅವಳು ಕಾಲು ಎಳೆದು ತೋರಿಸಿದಳು. ಚರ್... ಟಪ್.

"ಬಲಗಾಲು," ಅಂದ ತಾತ. "ಮೈದಾನದ ರೋಲರ್ ಹತ್ತಿತ್ತು. ಬಲಗಾಲು... ಟೀಚರಮ್ಮ, ನೀವು ದೊಡ್ಡ ಮೇಷ್ಟ್ರ ಮನೆಯೋರನ್ನ ಹೋಗಿ ನೋಡಿ. ನನ್ನನ್ನ ಮಾತ್ರ ಇನ್ನೇನೂ ಕೇಳಬೇಡಿ."

ದೊಡ್ಡ ಮೇಷ್ಟ್ರ ಹೆಂಡತಿ ಬಟ್ಟೆ ಹೊಲಿಯುವವರು. ತಂಗಿ ಹೋದಾಗ ಮಿಷನ್ ತುಳಿಯುತ್ತಿದ್ದರು. ಎಲ್ಲವನ್ನೂ ಕೇಳಿಸಿಕೊಂಡರು. ಕಾಲು ನಿಲ್ಲಿಸಲಿಲ್ಲ.

"ಸತ್ತ ಮೇಲೂ ರಾತ್ರಿ ತಿರುಗೋದು ಬಿಟ್ಟಿಲ್ಲ ಅನ್ನು," ಅಂದರು. "ಬದುಕಿದ್ದಾಗಲೂ ಹತ್ತು ಗಂಟೆಗೆ ಮುಂಚೆ ಮನೆಗೆ ಬಂದ ಮನುಷ್ಯ ಅಲ್ಲ. ಒಂದು ಸಾರು ನಾಲ್ಕು ಸಲ ಬಿಸಿ ಮಾಡ್ತಿದ್ದೆ ನಾನು."

"ಅಷ್ಟು ಹೊತ್ತು ಏನು ಮಾಡ್ತಿದ್ರು ಅಮ್ಮ?"

"ಮಕ್ಕಳನ್ನ ಮನೆಗೆ ಮುಟ್ಟಿಸೋದು. ಒಂದೊಂದಾಗಿ. ಕೊನೆಗೆ ಉಳಿದೋರ ಹಿಂದೆ ಅಂತೂ ನೆರಳಿನ ಹಾಗೆ."

ಮಿಷನ್ ನಿಂತಿತು. ದಾರ ಕಡಿದು, ಸೂಜಿಯನ್ನೇ ನೋಡುತ್ತಾ ಹೇಳಿದರು. ಬಹಳ ಹಿಂದೆ ಒಂದು ಸಂಜೆ, ಕೊನೆಗೆ ಉಳಿದ ಹುಡುಗಿಯನ್ನು ಬೀದಿಯ ತುದಿವರೆಗೆ ಬಿಟ್ಟು ಮೇಷ್ಟ್ರು ವಾಪಸು ಬಂದಿದ್ದರಂತೆ. ಮನೆ ಕಾಣುತ್ತಲೇ ಇತ್ತು. ಇನ್ನೇನು ಇಪ್ಪತ್ತು ಹೆಜ್ಜೆ. ಆ ಮಗು ಮನೆಗೆ ಹೋಗಲೇ ಇಲ್ಲ. ಮಾರನೇ ಮಧ್ಯಾಹ್ನ ಬಾವಿಯಲ್ಲಿ ಸಿಕ್ಕಿತು. ಬಾವಿಗೆ ಜಾಲರಿ ಬಂದದ್ದು ಅದಾದ ಮೇಲೆ.

"ಅವತ್ತಿಂದ ಬಾಗಿಲವರೆಗೂ ಹೋಗೋರು. ಒಳಗಿಂದ ಚಿಲಕ ಹಾಕಿದ ಸದ್ದು ಕಿವಿಗೆ ಬೀಳಬೇಕು. ಬಿದ್ದ ಮೇಲೇ ಹೆಜ್ಜೆ ಕೀಳೋರು. ಮಳೆ ಬರಲಿ, ಜ್ವರ ಇರಲಿ." ತಲೆ ಎತ್ತಿದರು. "ನಿನ್ನ ಬಾಗಿಲಿಗೆ ಎಂಥ ಚಿಲಕ?"

"ಚಿಲಕ ಇಲ್ಲ ಅಮ್ಮ. ಎಳೆದರೆ ಬೀಳೋ ಲಾಕು. ಸದ್ದೇ ಬರಲ್ಲ."

"ಮತ್ತೆ ನೀನು ಒಳಗೆ ಹೋದೆ ಅಂತ ಅವರಿಗೆ ಹೇಗೆ ಗೊತ್ತಾಗಬೇಕು? ಕಿವಿ ಬೇರೆ ಮಂದ. ಎದುರಿಗೆ ನಿಂತು ಕೂಗಿದ್ರೆ ನನ್ನ ಮಾತೇ ಕೇಳ್ತಿರಲಿಲ್ಲ."

"ನಾನೇನು ಮಗುನಾ ಅಮ್ಮ?" ಅಂದಳು ತಂಗಿ.

"ಮೈದಾನದಿಂದ ಕೊನೆಗೆ ಹೊರಡೋಳು ನೀನು ತಾನೆ? ಅವರಿಗೆ ಅಷ್ಟು ಸಾಕು."

ಅವಳು ಸೀದಾ ಅಂಗಡಿಗೆ ಹೋದಳು. ಅಂಗೈ ಉದ್ದದ ಕಬ್ಬಿಣದ ಚಿಲಕ ತಂದು, ಬಡಗಿಗೆ ಕಾಯದೆ ತಾನೇ ಮೊಳೆ ಹೊಡೆದಳು. ಆ ರಾತ್ರಿ ಬಾವಿಯಿಂದ ಬಾಗಿಲವರೆಗೆ ಓಡಲಿಲ್ಲ. ನಡೆದಳು. ಒಳಗೆ ಹೋಗಿ ಚಿಲಕ ಜಗ್ಗಿದಳು.

ಖಟಕ್.

ಹೊರಗೆ ಗಲ... ಅಂದಿತು. ಆಮೇಲೆ ಚರ್... ಟಪ್... ದೂರ... ಇನ್ನೂ ದೂರ... ಇಲ್ಲ.

ಎಷ್ಟೋ ದಿನದ ಮೇಲೆ ಅವಳು ನಿದ್ದೆ ಮಾಡಿದಳು.

ಆಮೇಲೆ ಐದು ರಾತ್ರಿ ಹೀಗೇ ನಡೆಯಿತು. ಹೆದರಿಕೆ ಹೋಗಲಿಲ್ಲ. ಹಿಂದೆ ಹೆಣ ಬರುತ್ತಿದೆ ಅಂತ ಗೊತ್ತಿದ್ದೂ ಹೆದರಿಕೆ ಹೋಗುತ್ತದೆ ಅನ್ನುವವರು ಒಮ್ಮೆ ನಡೆದು ನೋಡಲಿ. ಬೆನ್ನ ಮೇಲಿನ ರೋಮ ದಿನವೂ ಏಳುತ್ತಿತ್ತು. ಆದರೆ ಅದಕ್ಕೊಂದು ಕೊನೆ ಇದೆ, ಖಟಕ್ ಅಂದರೆ ಮುಗಿಯಿತು ಅಂತ ಒಂದು ಧೈರ್ಯ.

*

ಆರನೇ ಸಂಜೆ, ಮೈದಾನದ ಈಚೆ ತುದಿಯಲ್ಲಿ ರಿಲೇ ಕೋಲು ದಾಟಿಸುವ ಅಭ್ಯಾಸ ಮುಗಿದ ಮೇಲೆ, ಕಡ್ಡಿಯನ್ನು ಉಳಿಸಿಕೊಂಡಳು. ಹುಡುಗಿ ವೇಗವಾಗಿ ಓಡುತ್ತಾಳೆ, ದಮ್ಮು ಸಾಲುತ್ತಿಲ್ಲ.

"ನಿಧಾನಕ್ಕೆ ಸುತ್ತು ಹೊಡಿ. ನಾನು ಸೀಟಿ ಊದೋವರೆಗೂ ನಿಲ್ಲಬೇಡ. ನಿಂತೆ ಅಂದ್ರೆ ರಿಲೇಯಲ್ಲಿ ನಿನ್ನ ಕೈಗೆ ಕೋಲು ಕೊಡಲ್ಲ, ನೋಡ್ಕೋ."

"ನೀವು ಊದೋದು ಮರೀಬೇಡಿ ಮಿಸ್," ಅಂತ ಕಡ್ಡಿ ನಕ್ಕು ಓಡಿತು.

ಅಷ್ಟರಲ್ಲಿ ಹೆಡ್‌ಮಾಸ್ಟರ್ ಕರೆ ಕಳಿಸಿದರು. ಮೈದಾನ ಇರುವುದು ಕಟ್ಟಡದ ಹಿಂದೆ, ಆಫೀಸು ಮುಂದೆ. ಹೋದಳು.

"ನೀರಿನ ಟ್ಯಾಂಕಿಗೆ ಮಧ್ಯಾಹ್ನ ಗುಂಡಿ ತೋಡಿಸಿದೀನಿ," ಅಂದರು ಹೆಡ್‌ಮಾಸ್ಟರ್. "ಮೈದಾನದ ಆಚೆ ತಿರುವಿನಲ್ಲಿ, ಗೆರೆಯಿಂದ ಬಲಕ್ಕೆ. ಎರಡಾಳು ಆಳ ಇದೆ. ಮೇಲೆ ತಾಡಪಾಲು ಹೊದಿಸಿದಾರೆ. ನಾಳೆಯಿಂದ ಮಕ್ಕಳನ್ನ ಆ ಕಡೆ ಬಿಡಬೇಡಿ."

ಅವಳಿಗೆ ಸಿಟ್ಟು ನೆತ್ತಿಗೇರಿತು. "ನನ್ನನ್ನ ಒಂದು ಮಾತು ಕೇಳಬಾರದಿತ್ತಾ ಸಾರ್? ರೇಸಿಗೆ ಹದಿನೈದು ದಿನ ಇಲ್ಲ!" ಮಾತಿಗೆ ಮಾತು ಬೆಳೆಯಿತು. ಅರ್ಧ ಗಂಟೆ ಜಗಳ. ಆಮೇಲೆ ಮೇಜಿಗೆ ಕೂತು, ಗುಂಡಿ ಮುಚ್ಚಿಸಬೇಕು ಅಂತ ಎರಡು ಪುಟ ಅರ್ಜಿ ಬರೆದಳು. ಹರಿದಳು. ಮತ್ತೆ ಬರೆದಳು. ಗುಂಡಿ, ಗುಂಡಿ ಅಂತ ಬರೆದವಳಿಗೆ ಆ ಗುಂಡಿಯ ಪಕ್ಕದಲ್ಲಿ ಈಗ ಯಾರು ಓಡುತ್ತಿದ್ದಾರೆ ಅನ್ನುವುದು ಹೊಳೆಯಲೇ ಇಲ್ಲ. ಸಿಟ್ಟು ಅಂದರೆ ಹಾಗೇ. ಎಂಟು ಗಂಟೆಗೆ ಮುಂದಿನ ಗೇಟಿನಿಂದ ಹೊರಟಳು. ಮನಸ್ಸಿನಲ್ಲಿ ಇನ್ನೂ ಹೆಡ್‌ಮಾಸ್ಟರ್ ಜೊತೆ ಜಗಳ ಆಡುತ್ತಲೇ ಇದ್ದಳು.

ಬಾವಿ ಬಂತು. ದಾಟಿದಳು. ಬೆನ್ನು ಬಿಗಿ ಹಿಡಿದಳು, ಸದ್ದು ಬರುತ್ತದೆ ಅಂತ.

ಬರಲಿಲ್ಲ.

ಹತ್ತು ಹೆಜ್ಜೆ... ಇಪ್ಪತ್ತು... ಬೀದಿದೀಪದ ಗುಂಯ್ ಅನ್ನುವ ಸದ್ದೊಂದೇ.

ನಿಂತಳು. ಮೊದಲು ಹಾಯ್ ಅನಿಸಿತಂತೆ. ಪೀಡೆ ತೊಲಗಿತು ಅಂತ. ಒಂದು ಕ್ಷಣ ಅಷ್ಟೇ.

ಅವರು ಬರುವುದು ಕೊನೆಗೆ ಉಳಿದವರ ಹಿಂದೆ.

ತನ್ನ ಹಿಂದೆ ಬರುತ್ತಿಲ್ಲ ಅಂದರೆ...

ಕೈ ಕೊರಳಿಗೆ ಹೋಯಿತು. ಸೀಟಿ ಇತ್ತು. ಊದಿರಲಿಲ್ಲ.

*

ಹೇಗೆ ವಾಪಸು ಓಡಿದಳೋ ಅವಳಿಗೇ ಗೊತ್ತಿಲ್ಲ. ಗೇಟಿನಲ್ಲಿ ತಾತ ಏನೋ ಕೂಗಿದ. ನಿಲ್ಲಲಿಲ್ಲ. ಕಟ್ಟಡ ಬಳಸಿ ಮೈದಾನಕ್ಕೆ ಬಂದಳು. ಅಲ್ಲಿ ದೀಪ ಇಲ್ಲ. ಕೈ ಚಾಚಿದರೆ ಕೈ ಕಾಣುವುದಿಲ್ಲ.

ಆಗ ಕೇಳಿಸಿತು.

ಪಟ ಪಟ ಪಟ ಪಟ. ಬರಿಗಾಲು. ಮಣ್ಣಿನ ಮೇಲೆ, ಹಗುರಾಗಿ. ಅದರ ಬೆನ್ನಿಗೇ...

ಚರ್... ಟಪ್.

ಎರಡೂ ಆಚೆ ತಿರುವಿನಲ್ಲಿದ್ದವು. ಗುಂಡಿ ಇರುವ ಕಡೆ.

ಒಂದು ದನಿಯೂ ಬಂತು. ಕಡ್ಡಿಯ ದನಿ, ಏದುಸಿರು ಬಿಡುತ್ತಾ.

"ಹದಿನೇಳಾರ್ಲ ನೂರೆರಡು..."

ಸ್ವಲ್ಪ ಹೊತ್ತು ಬರೀ ಹೆಜ್ಜೆ. ಪಟ ಪಟ. ಚರ್... ಟಪ್.

"ಹದಿನೇಳೇಳ್ಲ... ನೂರ ಹದಿನೆಂಟು..."

ಮೌನ. ಯಾರೋ ತಿದ್ದುವಷ್ಟು ಹೊತ್ತಿನ ಮೌನ.

"ಹಾಂ... ನೂರ ಹತ್ತೊಂಬತ್ತು."

ನನ್ನ ತಂಗಿ ಸೀಟಿ ಬಾಯಿಗಿಟ್ಟಳು. ಮೊದಲು ಬರೀ ಗಾಳಿ ಬಂತು. ಎರಡನೇ ಸಲ ಊದಿದಳು. ಕೀರ್ರ್...

ಎರಡು ಜೊತೆ ಕಾಲೂ ಒಟ್ಟಿಗೇ ನಿಂತವು.

"ಅಲ್ಲೇ ನಿಲ್ಲು! ಬಲಕ್ಕೆ ಬರಬೇಡ! ಎಡಗಡೆಯಿಂದ ನನ್ನ ಕಡೆ ಬಾ!"

"ಗೊತ್ತು ಮಿಸ್," ಕತ್ತಲೆಯಿಂದ ದನಿ ಬಂತು, "ಆಗಿಂದ ಅದೇ ಹೇಳ್ತಿದೀರಲ್ಲ, ಎಡಕ್ಕೆ ಎಡಕ್ಕೆ ಅಂತ."

ಹುಡುಗಿ ಬಂದು ಇವಳ ಕೈ ಹಿಡಿದುಕೊಂಡಿತು. ಮೈಯೆಲ್ಲ ಬೆವರು. "ಮಿಸ್... ನೀವು ಈ ಕಡೆ ಹೇಗೆ ಬಂದ್ರಿ? ನನ್ನ ಹಿಂದೆ ಇದ್ರಲ್ಲ?"



"ಮಗ್ಗಿ ಯಾರು ಹೇಳಿಕೊಟ್ರು ನಿಂಗೆ?" ಪಿಸುಗುಟ್ಟಿ ಕೇಳಿದಳು.

"ನೀವೇ ಅಲ್ವಾ? ಮಗ್ಗಿ ತಪ್ಪಿದ್ರೆ ವೇಗ ಇಳಿಸು ಅಂದ್ರಿ." ಆಮೇಲೆ ಕಡ್ಡಿಯೂ ಪಿಸುಗುಟ್ಟಿತು. "ಮಿಸ್, ನಿಮ್ಮ ದನಿ ಯಾಕೆ ಹಾಗೆ ಗೊಗ್ಗರಾಗಿತ್ತು?"

"ಶೀತ ಆಗಿತ್ತು. ನಡಿ."

ಕಡ್ಡಿಯ ಅಮ್ಮನಿಗೆ ಲಾಂಡ್ರಿಯಲ್ಲಿ ಇಸ್ತ್ರಿ ಕೆಲಸ, ಮನೆಗೆ ಬರುವುದೇ ಒಂಬತ್ತಕ್ಕೆ. ಮಗಳು ಬಂದಿಲ್ಲ ಅಂತ ನೋಡುವವರು ಅಲ್ಲಿಯವರೆಗೆ ಯಾರೂ ಇರಲಿಲ್ಲ. ತಂಗಿ ಹುಡುಗಿಯ ಕೈ ಬಿಡದೆ ನಡೆದಳು. ಹಿಂದೆ ಸದ್ದು ಬಂತು. ಆದರೆ ಆ ರಾತ್ರಿ ಅದು ದೂರದಲ್ಲಿ ಇರಲಿಲ್ಲ. ಹೆಗಲ ಹತ್ತಿರವೇ ಇತ್ತು. ಸೀಟಿಯ ಗುಂಡು ಪ್ರತಿ ಹೆಜ್ಜೆಗೂ ಗಲ... ಗಲ... ಅನ್ನುತ್ತಿತ್ತು. ಹಳೇ ಸುಣ್ಣದ ವಾಸನೆ. ಕುತ್ತಿಗೆಯ ಹಿಂಬದಿ ಮಂಜುಗಡ್ಡೆ ಇಟ್ಟ ಹಾಗೆ ತಣ್ಣಗಾಯಿತು. ಬಾವಿಯ ಹತ್ತಿರ ಬಂದಾಗ ಅವರ ಮತ್ತು ಬಾವಿಯ ನಡುವೆ ಬಂದು ಅದು ನಡೆಯಿತು. ಅವಳು ತಿರುಗಲಿಲ್ಲ. ತಿರುಗಿದ್ದರೆ ಕಾಣುತ್ತಿತ್ತು ಅನ್ನುತ್ತಾಳೆ. ಅದಕ್ಕೇ ತಿರುಗಲಿಲ್ಲ.

"ಮಿಸ್, ನಮ್ಮ ಹಿಂದೆ..." ಅಂದಿತು ಕಡ್ಡಿ.

"ಮುಂದೆ ನೋಡಿ ನಡಿ ಮಗಾ."

ಬಾಗಿಲು ತೆರೆದ ಅಮ್ಮ ಗಾಬರಿಯಲ್ಲಿ ಏನೇನೋ ಕೇಳಿದಳು. ನನ್ನ ತಂಗಿ ತಾನು ಮಾಡಿದ್ದನ್ನು ಮುಚ್ಚಿಡಲಿಲ್ಲ. "ನಾನು ಮರೆತೆ. ತಪ್ಪು ನಂದು. ಬಯ್ಯೋದಿದ್ರೆ ನಾಳೆ ಶಾಲೆಗೆ ಬಂದು ಬೈರಿ. ಈಗ ಒಳಗೆ ಹೋಗಿ ಚಿಲಕ ಹಾಕಿ. ಜೋರಾಗಿ ಹಾಕಿ."

ಬಾಗಿಲು ಮುಚ್ಚಿತು. ಇವಳು ಮೆಟ್ಟಿಲ ಮೇಲೆ ನಿಂತಳು. ಪಕ್ಕದಲ್ಲಿ ಇನ್ನೊಬ್ಬರು ನಿಂತಿದ್ದರು. ಇಬ್ಬರೂ ಕಾದರು.

ಖಟಕ್.

*

ಮಾರನೇ ಬೆಳಿಗ್ಗೆ ಗುಂಡಿಯ ಹತ್ತಿರ ಹೋಗಿ ನೋಡಿದಳು. ತಾಡಪಾಲಿನ ಅಂಚಿನಿಂದ ಒಂದು ಗೇಣು ದೂರದಲ್ಲಿ ಪುಟ್ಟ ಬರಿಗಾಲಿನ ಹೆಜ್ಜೆಗಳು ಒಂದರ ಮೇಲೊಂದು ಬಿದ್ದಿದ್ದವು. ಎಷ್ಟು ಸುತ್ತು ಅಂತ ಎಣಿಸಲು ಆಗಲಿಲ್ಲ. ಬೇರೆ ಯಾರ ಹೆಜ್ಜೆಯೂ ಇರಲಿಲ್ಲ. ಆ ದಿನವೇ ನಿಂತು ಗುಂಡಿ ಮುಚ್ಚಿಸಿದಳು. ಅರ್ಜಿ ಕೊಡಲಿಲ್ಲ, ತಾನೇ ಗುದ್ದಲಿ ಹಿಡಿದಳು. ಅವತ್ತಿನಿಂದ ಏಳು ಗಂಟೆ ಆದ ಮೇಲೆ ಒಂದು ಮಗುವನ್ನೂ ಒಂಟಿಯಾಗಿ ಕಳಿಸಿಲ್ಲ. ರಿಲೇಯಲ್ಲಿ ಏನಾಯಿತು ಅಂತ ಕೇಳುವವರಿಗೆ: ಮೂರನೇ ಸ್ಥಾನ. ಕಪ್ಪು ಬರಲಿಲ್ಲ.

ಗುಂಡಿ ಮುಚ್ಚಿಸಿದ ದಿನವೇ ಮಧ್ಯಾಹ್ನ ಕಡ್ಡಿಯ ಅಮ್ಮ ಶಾಲೆಗೆ ಬಂದಳು. ಬಯ್ಯಲು ಬಂದಿದ್ದಾಳೆ ಅಂದುಕೊಂಡು ತಂಗಿ ಎದ್ದು ನಿಂತಳು. ಅವಳು ಬೈಯಲಿಲ್ಲ. ಮಡಿಸಿದ ಒಂದು ಟವೆಲ್ಲನ್ನು ಮೇಜಿನ ಮೇಲಿಟ್ಟಳು. "ನಿಮ್ಮದು ಮಿಸ್. ಇವಳ ಕೊರಳಲ್ಲೇ ಉಳಿದುಬಿಟ್ಟಿತ್ತು. ಬೆವರು ಹಾಗೇ ಆರಬಾರದು ಅಂತ ಹಿಂದಿನಿಂದ ಹೊದಿಸಿದ್ರಂತಲ್ಲ, ಒಳ್ಳೇದಾಯ್ತು."

ಹುಡುಗಿಯ ಕೊರಳಲ್ಲಿ ಅದನ್ನು ತಂಗಿ ರಾತ್ರಿಯೇ ನೋಡಿದ್ದಳು. ಕಡ್ಡಿಯದೇ ಇರಬೇಕು ಅಂದುಕೊಂಡಿದ್ದಳು.

ಆ ಟವೆಲ್ಲು ಈಗಲೂ ಅವಳ ಮನೆಯಲ್ಲಿದೆ. ಬಿಳಿ ಬಟ್ಟೆ, ನೀಲಿ ಅಂಚು, ಎಲ್ಲ ಅಂಗಡಿಯಲ್ಲೂ ಸಿಗುವಂಥದ್ದು. ಎಷ್ಟು ಬಿಸಿಲಿಗೆ ಹಾಕಿದರೂ ಅದರ ಒಂದು ಮೂಲೆ ಒಣಗುವುದಿಲ್ಲ. ನಾನು ಹೋದ ಬೇಸಿಗೆಯಲ್ಲಿ ಹೋಗಿ, ನಡು ಮಧ್ಯಾಹ್ನ ತಂತಿಯಿಂದ ತೆಗೆದು ಇದೇ ಕೈಯಲ್ಲಿ ಹಿಂಡಿದೆ. ಎರಡು ಹನಿ ನೀರು ನೆಲಕ್ಕೆ ಬಿತ್ತು. ನಂಬದವರು ಬನ್ನಿ, ಕರೆದುಕೊಂಡು ಹೋಗಿ ತೋರಿಸುತ್ತೇನೆ.